ಸಮಾಚಾರಕ್ಕಿಂತ ಮೊದಲು ಊಟ

ತಟ್ಟೆ ಬಡಿಸಿಕೊಂಡು ಕೂತಿದ್ದೇನೆ. ಅನ್ನ, ತಿಳಿಸಾರು, ಒಂದಿಷ್ಟು ಹುರುಳಿಕಾಯಿ ಪಲ್ಯ. ಗಂಟೆ ಇನ್ನೂ ಹನ್ನೊಂದೂವರೆ. ನಮ್ಮ ಮನೆಯಲ್ಲಿ ಒಂದು ಗಂಟೆಗೆ ಮುಂಚೆ ಯಾರೂ ಊಟಕ್ಕೆ ಕೂರುವುದಿಲ್ಲ. ತರಕಾರಿಗೆ ಹೋಗಿರುವ ನಮ್ಮ ಯಜಮಾನರು ಈಗ ಬಂದು ನೋಡಿದರೆ ನನಗೆ ಮೈ ಸರಿಯಿಲ್ಲವೆಂದೇ ತಿಳಿದುಕೊಳ್ಳುತ್ತಾರೆ. ಆದರೆ ಹತ್ತು ನಿಮಿಷದ ಹಿಂದೆ ಫಿಲಿಪೀನ್ಸ್ ದೇಶದಿಂದ ಒಂದು ಫೋನು ಬಂತು. ಮಾಡಿದವಳು ರೆಮಿಯ ಮಗಳು ಲಿಗಾಯ. ರೆಮಿ ಎಂದರೆ ಎಂಬತ್ತರ ದಶಕದಲ್ಲಿ ಚಾಮರಾಜಪೇಟೆಯ ನನ್ನ ತವರುಮನೆಯ ಮಹಡಿಯಲ್ಲಿ ಹತ್ತು ತಿಂಗಳು ಬಾಡಿಗೆಗಿದ್ದವಳು, ಅವತ್ತಿನಿಂದ ಇವತ್ತಿನವರೆಗೂ ನನ್ನ ಗೆಳತಿ. ದೀಪಾವಳಿಗೊಂದು ಸಲ, ಕ್ರಿಸ್‌ಮಸ್ಸಿಗೊಂದು ಸಲ ಅವಳೇ ಫೋನು ಮಾಡುತ್ತಾಳೆ. ಇವತ್ತು ಯಾವ ಹಬ್ಬವೂ ಅಲ್ಲ. ಮಾಡಿದವಳೂ ಅವಳಲ್ಲ. ನಾನು ಎಂದೂ ದನಿ ಕೇಳಿರದ ಆ ಹುಡುಗಿ ತನ್ನ ಹೆಸರು ಹೇಳಿ, ತಡವರಿಸುತ್ತ, ಕನ್ನಡದಲ್ಲಿ ಕೇಳಿದಳು: "ಊಟ ಆಯ್ತಾ?"

ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಇಲ್ಲ ಮಗು, ಇನ್ನೂ ಆಗಿಲ್ಲ ಅಂದೆ. ಆಮೇಲೆ ಇಂಗ್ಲಿಷಿನಲ್ಲಿ, ಹಾಗಾದರೆ ಊಟ ಮಾಡಿ, ಆಮೇಲೆ ನೀವೇ ಫೋನು ಮಾಡಿ, ನಾನು ಕಾದಿರುತ್ತೇನೆ ಎಂದು ಹೇಳಿ ಇಟ್ಟುಬಿಟ್ಟಳು.

ಇದಕ್ಕೆಲ್ಲ ಇಷ್ಟು ಗಾಬರಿಯೇಕೆ, ಬೆಂಗಳೂರಿನಲ್ಲಿ ಊಟ ಆಯ್ತಾ ಅಂತ ಯಾರು ಯಾರನ್ನು ಕೇಳುವುದಿಲ್ಲ ಎಂದು ನೀವು ನಗಬಹುದು. ನಗಿ. ಬಸ್‌ಸ್ಟಾಪಿನಲ್ಲಿ, ಬ್ಯಾಂಕಿನ ಕ್ಯೂನಲ್ಲಿ, ಮೆಟ್ಟಿಲು ಹತ್ತುವಾಗ, ಬೇರೆ ಏನೂ ಮಾತು ತೋಚದಿದ್ದಾಗ ನಾವೆಲ್ಲ ಕೇಳುವುದು ಅದನ್ನೇ. ಆಯ್ತು ಅಂದರೂ ಸರಿ, ಇಲ್ಲ ಅಂದರೂ ಸರಿ, ಕೇಳಿದವರು ಅಷ್ಟು ಹೊತ್ತಿಗೆ ಮುಂದೆ ಹೋಗಿರುತ್ತಾರೆ. ಆದರೆ ನನ್ನ ತವರುಮನೆಯಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವಿತ್ತು. ಅದನ್ನು ನಾನು ಮೊದಲು ನೋಡಿದ್ದು ಒಂಬತ್ತು ವರ್ಷದವಳಾಗಿದ್ದಾಗ.

ನಮ್ಮ ತಂದೆಯವರದು ಪೇಟೆಯಲ್ಲಿ ರೇಷ್ಮೆ ನೂಲಿನ ಅಂಗಡಿ. ಅಲ್ಲಿ ಕೆಲಸಕ್ಕಿದ್ದ ರುದ್ರಣ್ಣ ಒಂದು ಮಧ್ಯಾಹ್ನ, ಬರುವ ಹೊತ್ತಲ್ಲದ ಹೊತ್ತಿನಲ್ಲಿ ಮನೆಗೆ ಬಂದರು. ಅಮ್ಮ ಆಗಷ್ಟೇ ತಟ್ಟೆಯ ಮುಂದೆ ಕೂತಿದ್ದರು. ಊಟ ಆಯ್ತಾ ಅಕ್ಕ ಎಂದು ರುದ್ರಣ್ಣ ಕೇಳಿದರು. ಈಗ ಕೂತೆ ಕಣಪ್ಪ, ನೀನೂ ಬಾ ಅಂದರು ಅಮ್ಮ. ನಿಧಾನವಾಗಿ ಆಗಲಿ ಎಂದು ಹೇಳಿ ಆತ ನಡುಮನೆಯ ಬೆಂಚಿನ ಮೇಲೆ ಕೂತರು. ಎರಡು ಸಲ ನೀರು ಕೇಳಿ ಕುಡಿದರು. ಅವರ ಬಲಗಾಲು ಮಾತ್ರ ತಾನೇ ತಾನಾಗಿ ಅಲುಗುತ್ತಿತ್ತು. ನಾನು ಅದನ್ನೇ ನೋಡುತ್ತ ಕಂಬಕ್ಕೊರಗಿ ನಿಂತಿದ್ದೆ. ಅಮ್ಮ ಅವತ್ತು ಯಾಕೋ ಎರಡನೇ ಸಲ ಅನ್ನ ಹಾಕಿಸಿಕೊಂಡರು, ಮಜ್ಜಿಗೆ ಸುರಿದುಕೊಂಡರು, ಉಪ್ಪಿನಕಾಯಿ ನಂಜಿಕೊಂಡರು. ಕೈ ತೊಳೆದು ಸೆರಗಿಗೆ ಒರೆಸಿಕೊಂಡ ಮೇಲೆ ರುದ್ರಣ್ಣ ಎದ್ದು ನಿಂತು ಹೇಳಿದರು: ಅಮ್ಮನ ತಂದೆ ಬೆಳಿಗ್ಗೆ ತೀರಿಕೊಂಡಿದ್ದರು.

ಆ ಎರಡನೇ ಸಲದ ಅನ್ನ ಯಾಕೆ ಹಾಕಿಸಿಕೊಂಡೆನೋ ಎಂದು ಅಮ್ಮ ಎಷ್ಟೋ ವರ್ಷ ಹೇಳಿಕೊಂಡು ಅತ್ತಿದ್ದಾರೆ. ಅಜ್ಜಿ ಮಾತ್ರ ರುದ್ರಣ್ಣನನ್ನು ಬಾಯ್ತುಂಬ ಹೊಗಳಿದರು. ಅಜ್ಜಿ ಎಂದರೆ ನಮ್ಮ ತಂದೆಯ ತಾಯಿ. ಸಮಾಚಾರದ ವಿಷಯದಲ್ಲಿ ನಮ್ಮ ಬೀದಿಗೆಲ್ಲ ಅವರದೇ ಕಾನೂನು. ಕೆಟ್ಟ ಸುದ್ದಿಯನ್ನು ಹೊಸ್ತಿಲ ಮೇಲೆ ನಿಂತು ಹೇಳಬಾರದು. ನಿಂತಿರುವವರಿಗೆ ಹೇಳಬಾರದು. ಹಸಿದವರಿಗಂತೂ ಹೇಳಲೇಬಾರದು, ಏಕೆಂದರೆ ಕೇಳಿದ ಮೇಲೆ ಆ ಮನುಷ್ಯ ಎಷ್ಟು ಹೊತ್ತು ಅನ್ನ ಮುಟ್ಟುವುದಿಲ್ಲವೋ ಶಿವನಿಗೇ ಗೊತ್ತು, ಅಳುವುದಕ್ಕೂ ಹೊಟ್ಟೆಯಲ್ಲಿ ಏನಾದರೂ ಇರಬೇಕು. ಮನೆಬಾಗಿಲು ದಾಟುತ್ತಿರುವವರನ್ನು ಎಲ್ಲಿಗೆ ಎಂದು ಕೇಳಬಾರದು, ಹೋದ ಕೆಲಸ ಕೆಡುತ್ತದೆ. ಅಷ್ಟೂ ಕುತೂಹಲವಿದ್ದರೆ ದೂರ ಹೊರಟ್ರಾ ಎನ್ನಬೇಕು. ಹೊರಟವರು ಇಲ್ಲೇ ಎನ್ನುತ್ತಾರೆ. ಅವರು ಕಾಶಿಗೆ ಹೊರಟಿದ್ದರೂ ಇಲ್ಲೇ.

ಈ ಕಾನೂನುಗಳಿಗೆಲ್ಲ ಮನೆಯಲ್ಲೇ ಒಬ್ಬಳು ಅಪರಾಧಿ ಇದ್ದಳು. ನಾನು. ನನ್ನ ಬಾಯಲ್ಲಿ ಎಳ್ಳುಕಾಳು ನೆನೆಯುತ್ತಿರಲಿಲ್ಲ. ಯಾರ ಮನೆಗೆ ಹೊಸ ಗ್ರೈಂಡರು ಬಂತು, ಯಾರ ಮಗ ಪಿಯುಸಿಯಲ್ಲಿ ಡುಮ್ಕಿ ಹೊಡೆದ, ಎಲ್ಲವೂ ನನ್ನ ಕಿವಿಗೆ ಬಿದ್ದ ಕಾಲು ಗಂಟೆಯಲ್ಲಿ ಮೂರನೇ ಅಡ್ಡರಸ್ತೆ ದಾಟಿರುತ್ತಿತ್ತು. ನಮ್ಮ ಆಫೀಸಿನಲ್ಲಿ ನಾನು ಟೈಪಿಸ್ಟು. ಗುಟ್ಟಿನ ಕಾಗದಗಳನ್ನು ನನಗೆ ಕೊಡದೆ ಪಕ್ಕದ ಟೇಬಲ್ಲಿಗೆ ಕೊಡುತ್ತಿದ್ದರು ಎಂದರೆ ನೀವೇ ಊಹಿಸಿಕೊಳ್ಳಿ.

ಇಂಥ ಮನೆಗೆ ರೆಮಿ ಬಂದಳು. ರೇಷ್ಮೆಹುಳು ಸಾಕುವುದನ್ನು ಕಲಿತು ಬರಲಿ ಎಂದು ಅವಳ ಸರ್ಕಾರ ಕಳಿಸಿತ್ತು. ತರಬೇತಿಯ ಅಧಿಕಾರಿಯೊಬ್ಬರು ತಂದೆಯವರಿಗೆ ಪರಿಚಯ. ಹೆಣ್ಣುಮಗಳು, ಮರ್ಯಾದಸ್ಥರ ಮನೆಯಲ್ಲಿರಲಿ ಎಂದು ನಮ್ಮ ಮಹಡಿ ಕೋಣೆ ಕೇಳಿದರು. ಮೀನು ತಿನ್ನುವ ಹುಡುಗಿ ಲಿಂಗಾಯತರ ಮನೆಯಲ್ಲೇ ಎಂದು ಅಮ್ಮ ಮುಖ ಸಣ್ಣಗೆ ಮಾಡಿದರು. ಅಜ್ಜಿ, ಅವಳು ತಿನ್ನೋದು ಅವಳ ಊರಲ್ಲಿ, ಇಲ್ಲಿ ನಾವು ಹಾಕಿದ್ದು ತಿಂತಾಳೆ ಎಂದು ತೀರ್ಮಾನ ಕೊಟ್ಟರು. ರೆಮಿ ಎಂಬ ಹೆಸರು ಅವರ ನಾಲಿಗೆಗೆ ಹತ್ತಲಿಲ್ಲ. ಎರಡೇ ದಿನಕ್ಕೆ ಅವಳು ರೇಷ್ಮಿ ಆದಳು.

ಮೊದಲ ವಾರ ಅವಳಿಗೆ ಕನ್ನಡ ಕಲಿಸಿದ ಗುರು ನಾನೇ. ಅದರ ಫಲ ಅನುಭವಿಸಿದವರು ತಂದೆಯವರು. ಬೆಳಿಗ್ಗೆ ಒಂಬತ್ತಕ್ಕೆ ಅವರು ಚಪ್ಪಲಿ ಮೆಟ್ಟಿ ಗೇಟಿಗೆ ಕೈ ಹಾಕಿದರೆ ಸಾಕು, ಮಹಡಿಯ ಮೆಟ್ಟಿಲಿನಿಂದ ರೆಮಿ ನಗುನಗುತ್ತ "ಎಲ್ಲಿಗೆ ಹೋಗ್ತೀಯ?" ಎನ್ನುತ್ತಿದ್ದಳು. ತಂದೆಯವರು ಪಾಪ, ಒಂದು ಮಾತೂ ಆಡದೆ ವಾಪಸು ಬಂದು, ಚಪ್ಪಲಿ ಬಿಟ್ಟು, ಒಂದು ಲೋಟ ನೀರು ಕುಡಿದು, ಐದು ನಿಮಿಷ ಕೂತು ಮತ್ತೆ ಹೊರಡುತ್ತಿದ್ದರು. ನಾಲ್ಕು ದಿನ ಅಂಗಡಿ ತಡವಾಗಿ ತೆರೆದ ಮೇಲೆ ವಿಚಾರಣೆ ನಡೆಯಿತು. ಅವಳ ಊರಿನಲ್ಲಿ ದಾರಿಯಲ್ಲಿ ಸಿಕ್ಕವರನ್ನೆಲ್ಲ ಹಾಗೆಯೇ ಕೇಳುತ್ತಾರಂತೆ. ಕೇಳದಿದ್ದರೆ ಕೋಪವಿದೆ ಎಂದು ಅರ್ಥವಂತೆ. ಅದಕ್ಕೆ ಏನು ಉತ್ತರ ಕೊಡ್ತಾರೆ ಎಂದು ಅಜ್ಜಿ ಕೇಳಿದರು. "ದ್ಯಾನ್ ಲಾಂಗ್" ಅಂದಳು. ಹಾಗೆಂದರೆ ಇಲ್ಲೇ, ಅಷ್ಟೇ. ಅಜ್ಜಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅಷ್ಟು ದೂರ, ಸಮುದ್ರದಾಚೆ ಕೂಡ ಜನ ಇಲ್ಲೇ ಹೋಗುತ್ತಾರೆ ಎಂದು ವಾರವೆಲ್ಲ ಬೀದಿಗೆ ಹೇಳಿದರು.

ಆಮೇಲೆ ಅವರಿಬ್ಬರಿಗೂ ನಂಟು ಬೆಳೆಯಿತು. ಸಂಜೆ ತರಬೇತಿ ಮುಗಿಸಿ ಬಂದ ರೆಮಿ ಜಗಲಿಯ ಮೇಲೆ ಅಜ್ಜಿಯ ಪಕ್ಕ ಕೂರುವಳು. ಅಜ್ಜಿ "ಏನ್ ಸಮಾಚಾರ ರೇಷ್ಮಿ?" ಎನ್ನುವರು. ಅವಳು "ಆನೋಂಗ್ ಬಲೀತಾ, ಅಜ್ಜಿ?" ಎನ್ನುವಳು. ಎರಡೂ ಒಂದೇ ಮಾತು. ನಡುವೆ ನಾನು ದುಭಾಷಿ. ಇವರು ಅವರೆಕಾಯಿ ಸೊಗಡಿನ ಸುದ್ದಿ ಕೊಟ್ಟರೆ ಅವಳು ತನ್ನ ತಮ್ಮನ ಹುಂಜದ ಸುದ್ದಿ ಕೊಡುವಳು. ಬಿರುಗಾಳಿಗೆ ಅವರ ಮನೆ ಸೂರು ಹಾರಿದ್ದು, ತಂಗಿಯನ್ನು ಮೆಚ್ಚಿದ ಹುಡುಗ ಸೌದೆ ಒಡೆದು ಕೊಡಲು ಬರುವುದು, ಎಲ್ಲವೂ ಅಜ್ಜಿಗೆ ಬಾಯಿಪಾಠ. ಎಲ್ಲಕ್ಕಿಂತ ಹೆಚ್ಚಾಗಿ ಅವಳ ಅಪ್ಪ. ತಾತಾಯ್ ಎನ್ನುತ್ತಿದ್ದಳು. ಆತ ಬಸ್ ಡ್ರೈವರಾಗಿದ್ದವರು. ಮಗಳು ರೇಷ್ಮೆ ಕಲಿತು ಬರುವಷ್ಟರಲ್ಲಿ ಸಿದ್ಧವಿರಲಿ ಎಂದು ಮನೆಯ ಹಿಂದೆ ಹಿಪ್ಪುನೇರಳೆ ಕಡ್ಡಿ ನೆಟ್ಟಿದ್ದರು. ತಿಂಗಳಿಗೊಂದು ಕಾಗದದಲ್ಲಿ ಗಿಡ ಎಷ್ಟೆತ್ತರ ಬಂತು ಎಂದು ಬರೆಯುತ್ತಿದ್ದರು. ಕೆಮ್ಮಿನ ವಿಷಯ ಮಾತ್ರ ಕೊನೆಯ ಸಾಲಿನಲ್ಲಿರುತ್ತಿತ್ತು. ಅಜ್ಜಿ ಮೊದಲು ಕೇಳುತ್ತಿದ್ದುದು ಆ ಕೊನೆಯ ಸಾಲನ್ನೇ.

ಈಗ ಆ ಭಾನುವಾರಕ್ಕೆ ಬರುತ್ತೇನೆ. ಬರದೇ ಗತಿಯಿಲ್ಲ, ತಟ್ಟೆಯಲ್ಲಿ ಅನ್ನ ಆರುತ್ತಿದೆ.

ಅವತ್ತು ನನ್ನನ್ನು ನೋಡಲು ಬಿನ್ನಿಪೇಟೆಯಿಂದ ಗಂಡಿನ ಕಡೆಯವರು ಬರುವವರಿದ್ದರು. ಹುಡುಗ ಬ್ಯಾಂಕಿನಲ್ಲಿ. ಅದಕ್ಕೆ ಮುಂಚೆ ಎರಡು ಕಡೆಯವರು ಬಂದು ಕೇಸರಿಬಾತು ತಿಂದು, ಹುಡುಗಿಗೆ ಮಾತು ಜಾಸ್ತಿ ಎಂದು ಹೇಳಿ ಕಳಿಸಿದ್ದರು. ಇದು ಮೂರನೆಯದು. ನಾಲ್ಕೂವರೆಗೆ ರಾಹುಕಾಲ ಬರುತ್ತದೆಂದು ಮೂರಕ್ಕೇ ಬರುತ್ತೇವೆ ಎಂದಿದ್ದರು. ಅಮ್ಮ ಬೆಳಿಗ್ಗೆಯಿಂದ ರವೆ ಹುರಿಯುತ್ತಿದ್ದರು. ರೆಮಿ ಎಂದಿನಂತೆ ಬರಿಹೊಟ್ಟೆಯಲ್ಲಿ ಚರ್ಚಿಗೆ ಹೋಗಿದ್ದಳು.

ಹತ್ತು ಗಂಟೆಗೆ ತಂತಿಯವನು ಬಂದ. ತಂತಿ ಬಂದರೆ ಯಾರ ಹೆಸರಿಗೆ ಎಂದು ನೋಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಮೊದಲು ಒಡೆಯುವುದು, ಆಮೇಲೆ ಹೆಸರು. ಒಡೆದವಳು ನಾನು. ತಂದೆ ತೀರಿಕೊಂಡರು, ಕಾಗದ ಬರೆಯುತ್ತೇವೆ ಎಂದು ಇಂಗ್ಲಿಷಿನಲ್ಲಿ ಎರಡು ಸಾಲು. ಮೇಲೆ ರೆಮಿಯ ಹೆಸರು. ನಾನು ಅಡುಗೆಮನೆಗೆ ಹೋಗಿ ಓದಿ ಹೇಳಿದೆ. ಅಮ್ಮನ ಕೈಯಲ್ಲಿದ್ದ ಸೌಟು ಬಾಣಲೆಯಲ್ಲೇ ನಿಂತಿತು. ರವೆ ಸೀಯುವ ವಾಸನೆ ಬರುವವರೆಗೂ ಯಾರೂ ಅಲುಗಲಿಲ್ಲ.

ಆಮೇಲೆ ಅಮ್ಮ ತಗ್ಗಿದ ದನಿಯಲ್ಲಿ ಹೇಳಿದ ಮಾತು ನನಗೆ ಇವತ್ತಿಗೂ ಕೇಳಿಸುತ್ತದೆ. "ಅವರು ಬಂದು ಹೋಗ್ಲಿ. ಸಾಯಂಕಾಲ ಹೇಳಿದ್ರಾಯ್ತು." ಅಮ್ಮ ಕೆಟ್ಟವರಲ್ಲ. ಮೂರನೇ ಗಂಡು, ಮಗಳಿಗೆ ಇಪ್ಪತ್ಮೂರು ನಡೆಯುತ್ತಿದೆ, ಮನೆಯಲ್ಲಿ ಅಳು ಎದ್ದರೆ ಬಂದವರು ಹೊಸ್ತಿಲು ದಾಟುವುದಿಲ್ಲ. ನಾನೇನು ಅಂದೆ ಎಂದು ಕೇಳುತ್ತೀರಾ? ನಾನು ಏನೂ ಅನ್ನಲಿಲ್ಲ. ಹಾಗೇ ಆಗಲಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತಿದ್ದೇನೆ.

ಅಜ್ಜಿ ತಂತಿ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಿಸಿ ಎಲೆಅಡಿಕೆ ಚೀಲದೊಳಗೆ ಹಾಕಿಕೊಂಡರು. "ಊಟ ಆಗೋವರೆಗೂ ಮಾತ್ರ. ಅವಳು ಕೈ ತೊಳೆದ್ಮೇಲೆ ಒಂದು ಗಳಿಗೆನೂ ಮುಚ್ಚಿಡಲ್ಲ. ಅಲ್ಲೀತನಕ ಯಾರೂ ಬಾಯ್ಬಿಡಬೇಡಿ" ಎಂದು ಎಲ್ಲರಿಗೂ ಹೇಳಿದರು. ಹೇಳಿದ್ದು ಎಲ್ಲರಿಗೂ, ನೋಡಿದ್ದು ನನ್ನನ್ನು.

ಪ್ರತಿ ಭಾನುವಾರ ಹತ್ತಕ್ಕೆಲ್ಲ ಬಂದುಬಿಡುವ ರೆಮಿ ಅವತ್ತು ಹನ್ನೆರಡಾದರೂ ಬರಲಿಲ್ಲ. ನಾನು ಗೇಟಿಗೂ ಅಡುಗೆಮನೆಗೂ ಎಷ್ಟು ಸಲ ತಿರುಗಿದೆನೋ. ಬರಲಿ ಎಂದೂ ಅನ್ನಿಸುತ್ತಿತ್ತು, ಬಾರದಿರಲಿ ಎಂದೂ ಅನ್ನಿಸುತ್ತಿತ್ತು. ಹನ್ನೆರಡೂವರೆಗೆ ಬಂದಳು. ಕೈಯಲ್ಲಿ ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆ, ಎರಡು ಮೊಳ. ನನ್ನ ಜಡೆಗೆಂದು ಮಾರ್ಕೆಟ್ಟಿನವರೆಗೂ ನಡೆದು ಹೋಗಿದ್ದಳಂತೆ. ಬಿಸಿಲಿಗೆ ಕಣ್ಣು ಕೆಂಪಗಾಗಿದೆ ಎಂದುಕೊಂಡೆ.

"ಏನ್ ಸಮಾಚಾರ?" ಎಂದಳು, ದಿನದಂತೆ.

ಊರಿನ ಸುದ್ದಿಯನ್ನೆಲ್ಲ ಊರಿಗೆ ಹಂಚಿದ ನಾನು, ಏನಿಲ್ಲ, ಹಾಗೇ ಇದೆ ಅಂದೆ. ಅವಳು ತಲೆಯಾಡಿಸಿ, ಊಟ ಆಯ್ತಾ ಎಂದು ಕೇಳಿದಳು. ನನ್ನನ್ನು ಕೇಳಿ, ಒಳಗೆ ಹೋಗಿ ಅಮ್ಮನನ್ನು ಕೇಳಿದಳು, ತಂದೆಯವರನ್ನು ಕೇಳಿದಳು, ಕೊನೆಗೆ ಅಜ್ಜಿಯನ್ನೂ ಕೇಳಿದಳು. ಯಾರದೂ ಆಗಿರಲಿಲ್ಲ. ಹಾಗಾದರೆ ಎಲ್ಲರೂ ಒಟ್ಟಿಗೇ ಕೂರೋಣ ಅಂದಳು.

ಕೂತೆವು. ರಾಗಿಮುದ್ದೆ, ಅವರೆಕಾಳು ಸಾರು, ಅವಳಿಗೆ ಪ್ರಾಣ. ಮೊದಮೊದಲು ಮುದ್ದೆಯನ್ನು ಅಗಿದು ಅಗಿದು ಒದ್ದಾಡುತ್ತಿದ್ದವಳಿಗೆ ಸಾರಿನಲ್ಲಿ ಅದ್ದಿ ಗುಳಕ್ಕನೆ ನುಂಗುವುದನ್ನು ಅಜ್ಜಿಯೇ ಕಲಿಸಿದ್ದರು. ಅಜ್ಜಿ ಬಡಿಸುತ್ತ ಅವಳ ಪಕ್ಕದಲ್ಲೇ ಕೂತರು. ತಂದೆಯವರು ತಟ್ಟೆಯಿಂದ ತಲೆ ಎತ್ತಲಿಲ್ಲ. ಅಮ್ಮ ಮೂರು ಸಲ ಉಪ್ಪು ಬೇಕೇ ಎಂದು ಕೇಳಿದರು. ನಾನು ಒಂದು ತುತ್ತು ನುಂಗಲು ಎರಡು ಲೋಟ ನೀರು ಕುಡಿದೆ. ಗಡಿಯಾರದಲ್ಲಿ ಒಂದೂವರೆ. ರೆಮಿ ಮಾತ್ರ ಚೆನ್ನಾಗಿದೆ, ಚೆನ್ನಾಗಿದೆ ಎನ್ನುತ್ತಲೇ ಇದ್ದಳು. ಇನ್ನರ್ಧ ಮುದ್ದೆ ಹಾಕಲೇ ಎಂದರೆ ಹಾಕಿ ಅಂದಳು. ಹಾಕಿದ್ದನ್ನು ಬಿಡದೆ ತಿಂದಳು. ಆದರೆ ಅಜ್ಜಿಯ ಕಣ್ಣು ಅವಳ ಬಾಯಿಯ ಮೇಲೆಯೇ ಇತ್ತು. ಆಮೇಲೆ ನನಗೂ ಕಾಣಿಸಿತು. ಅವಳು ಮುದ್ದೆಯನ್ನು ನುಂಗುತ್ತಿರಲಿಲ್ಲ. ಬಂದ ಹೊಸದರಲ್ಲಿ ಮಾಡುತ್ತಿದ್ದಂತೆ ಅಗಿಯುತ್ತಿದ್ದಳು.

ಎಲ್ಲರೂ ಕೈ ತೊಳೆದರು. ಎರಡು ಗಂಟೆಗೆ ಹತ್ತು ನಿಮಿಷವಿತ್ತು. ಅಮ್ಮ ಬಾಗಿಲ ಸಂದಿನಿಂದ ಅಜ್ಜಿಗೆ ಬೇಡ ಬೇಡ ಎಂದು ಕೈಸನ್ನೆ ಮಾಡುತ್ತಿದ್ದರು. ಅಜ್ಜಿ ಅತ್ತ ತಿರುಗಲೂ ಇಲ್ಲ. ರೆಮಿಯನ್ನು ಚಾಪೆಯ ಮೇಲೆ ಕೂರಿಸಿ, ಅವಳ ಎರಡೂ ಕೈ ಹಿಡಿದುಕೊಂಡು, "ರೇಷ್ಮಿ, ನಿಮ್ಮಪ್ಪ ಹೋಗ್ಬಿಟ್ರು ಕಣಮ್ಮ" ಎಂದರು. ಇಷ್ಟನ್ನು ಅನುವಾದ ಮಾಡಬೇಕಾದವಳು ನಾನು.

ಅನುವಾದ ಬೇಕಾಗಲಿಲ್ಲ. ರೆಮಿ, "ಗೊತ್ತು ಅಜ್ಜಿ" ಅಂದಳು.

ಬೆಳಿಗ್ಗೆ ಎಂಟು ಗಂಟೆಗೇ ಗೊತ್ತಿತ್ತು. ಚರ್ಚಿನ ಪಕ್ಕದ ಕಾನ್ವೆಂಟಿನಲ್ಲಿ ಅವಳ ದೇಶದ ಒಬ್ಬ ಸಿಸ್ಟರ್ ಇದ್ದರು. ತಮ್ಮ ಅಲ್ಲಿಗೆ ಟ್ರಂಕ್‌ಕಾಲ್ ಮಾಡಿದ್ದ. ಮಣ್ಣು ಕೂಡ ಆಗಿಹೋಗಿತ್ತು. ಅವಳು ಎರಡು ಗಂಟೆ ಚರ್ಚಿನಲ್ಲೇ ಕೂತಿದ್ದು, ಆಮೇಲೆ ಹೂವಿನ ಸಾಲಿಗೆ ಹೋಗಿ, ಮಲ್ಲಿಗೆ ಕೊಂಡು, ಮುಖ ತೊಳೆದುಕೊಂಡು ಮನೆಗೆ ಬಂದಿದ್ದಳು. ಯಾಕಮ್ಮ ಹೇಳಲಿಲ್ಲ ಎಂದು ಅಜ್ಜಿ ಕೇಳಿದರು. ಅವಳ ಊರಿನಲ್ಲಿಯೂ ಸಾವಿನ ಸುದ್ದಿ ತಂದವರು ಮೊದಲು ಊಟ ಆಯ್ತಾ ಎಂದೇ ಕೇಳುತ್ತಾರಂತೆ. ನಿಮ್ಮದಾಗಿರಲಿಲ್ಲ, ಅದಕ್ಕೇ ಅಂದಳು. ಹಾಗಾದರೆ ಈಗ ಹೇಳ್ತಿದ್ದೆಯಾ ಎಂದರು ಅಜ್ಜಿ. ಇಲ್ಲ ಎಂದು ತಲೆಯಾಡಿಸಿದಳು. ನನ್ನ ಕಡೆ ಬೆರಳು ತೋರಿಸಿ, ನಾನು ಕಲಿಸಿದ್ದ ಆ ಮುರುಕು ಕನ್ನಡದಲ್ಲಿ ಹೇಳಿದಳು: "ಅವರು ಬಂದು ಹೋಗ್ಲಿ."

ಬಾಗಿಲ ಸಂದಿನಲ್ಲಿ ಅಮ್ಮ ಮುಖಕ್ಕೆ ಸೆರಗು ಹಿಡಿದು ಕುಸಿದು ಕೂತರು. ಬೆಳಿಗ್ಗೆ ಅಡುಗೆಮನೆಯಲ್ಲಿ ಅಮ್ಮನ ಬಾಯಿಂದ ಬಂದದ್ದೂ ಅದೇ ಮಾತು, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ನಾವು ಅದನ್ನು ಆಡಿದ್ದು ನಮಗಾಗಿ, ಅವಳು ಆಡಿದ್ದೂ ನಮಗಾಗಿ. ನಾನು ಹೋಗಿ ಅವಳ ತೋಳು ಹಿಡಿದುಕೊಂಡೆ. ಆಗ ಅವಳು ಅತ್ತಳು. ಬೆಳಗಿನಿಂದ ತಡೆದದ್ದೆಲ್ಲ ಒಂದೇ ಸಲ ಬಂತು.

ಮೂರಕ್ಕೆ ಸರಿಯಾಗಿ ಬಿನ್ನಿಪೇಟೆಯವರು ಬಂದರು. ತಂದೆಯವರು ಬಾಯಿ ತೆರೆಯುವ ಮುಂಚೆ ಅಜ್ಜಿಯೇ ಗೇಟಿನವರೆಗೆ ಹೋಗಿ, ನಮ್ಮ ಮನೇಲಿ ಸಾವಾಗಿದೆ, ಇನ್ನೊಂದಿನ ಬನ್ನಿ ಎಂದು ಕೈಮುಗಿದರು. ನಮ್ಮ ಮನೇಲಿ ಎಂದೇ ಹೇಳಿದರು. ಅವರು ಮತ್ತೆ ಬರಲಿಲ್ಲ. ಮಲ್ಲಿಗೆ ನನ್ನ ಜಡೆಗೆ ಏರಲಿಲ್ಲ. ರೆಮಿಯ ಪೆಟ್ಟಿಗೆಯಲ್ಲಿದ್ದ ಸಣ್ಣ ಫೋಟೋದಲ್ಲಿ ಬಸ್ಸಿನ ಬಾಗಿಲಿಗೆ ಒರಗಿ ನಗುತ್ತಿದ್ದ ತಾತಾಯ್‌ಗೆ ಏರಿತು. ಅವಳ ಕಡೆ ಒಂಬತ್ತು ದಿನ ನೆರೆಹೊರೆಯವರು ಬಂದು ಪ್ರಾರ್ಥನೆ ಮಾಡಿ ಏನಾದರೂ ತಿಂದು ಹೋಗುತ್ತಾರಂತೆ. ಅಜ್ಜಿ ಒಂಬತ್ತು ಸಂಜೆ ನಮ್ಮ ಬೀದಿಯ ಹೆಂಗಸರನ್ನೆಲ್ಲ ಕರೆದು ಕೂರಿಸಿದರು. ಪ್ರಾರ್ಥನೆ ಯಾರಿಗೂ ಬರಲಿಲ್ಲ, ಉಪ್ಪಿಟ್ಟು ಮಾತ್ರ ಎಲ್ಲರೂ ತಿಂದರು. ಗಂಡಿಗೆಂದು ತರಿಸಿದ್ದ ರವೆಯಿಂದಲೇ ಅಮ್ಮ ಅದನ್ನು ಮಾಡಿದರು, ಒಂಬತ್ತು ದಿನವೂ.

ಈ ಮನೆಗೆ ನಾನು ಸೊಸೆಯಾಗಿ ಬಂದದ್ದು ಎರಡು ವರ್ಷ ಕಳೆದ ಮೇಲೆ. ಇವರಿಗೆ ಮಾತು ಕಡಿಮೆ, ಅದರಿಂದ ಸರಿಹೋಯಿತು. ರೆಮಿ ಊರಿಗೆ ಹೋಗಿ ಅಪ್ಪ ನೆಟ್ಟ ಗಿಡಗಳಲ್ಲೇ ಹುಳು ಸಾಕಿದಳು, ಮದುವೆಯಾದಳು, ಮಗಳನ್ನು ಹೆತ್ತಳು. ಅಜ್ಜಿ ಹೋದಾಗ ನಾನೇ ಅವಳಿಗೆ ಟ್ರಂಕ್‌ಕಾಲ್ ಬುಕ್ ಮಾಡಿದೆ. ಲೈನು ಸಿಕ್ಕ ಕೂಡಲೇ ಊಟ ಆಯ್ತಾ ಎಂದು ಕೇಳಿದೆ. ಮೂರು ನಿಮಿಷದ ಕಾಲ್, ಅದರಲ್ಲಿ ಒಂದು ನಿಮಿಷ ಅವಳು ಮಾತಾಡಲೇ ಇಲ್ಲ.

ಈಗ ಲಿಗಾಯ ಕೇಳಿದ್ದಾಳೆ. ಸುಮ್ಮನೆ ಕೇಳಿರಬಹುದು. ಅಮ್ಮನಿಂದ ಕಲಿತ ಎರಡು ಪದವನ್ನು ಆಡಿ ತೋರಿಸಿರಬಹುದು. ಅವಳ ದೇಶದಲ್ಲೂ ಇದು ಬರಿ ನಮಸ್ಕಾರದ ಹಾಗೆ ಎಂದು ನನಗೂ ಗೊತ್ತು. ಅನ್ನವನ್ನು ಸಾರಿಗೆ ಕಲಸಿಕೊಂಡೆ. ಅಗಿದೆ. ಇನ್ನೂ ಅಗಿದೆ. ಅನ್ನವನ್ನು ಅಷ್ಟು ಅಗಿಯುವ ಅಗತ್ಯ ಯಾರಿಗೂ ಇರುವುದಿಲ್ಲ. ಆದರೂ ತಟ್ಟೆಯಲ್ಲಿ ಒಂದಗುಳು ಬಿಡಲಿಲ್ಲ. ಕೈ ತೊಳೆದು, ಕುರ್ಚಿಯ ಮೇಲೆ ಕೂತು, ಫೋನು ಮಾಡಿದೆ.

ಆಯ್ತು ಮಗು, ಈಗ ಹೇಳು ಅಂದೆ.

ನಿಮಗೆ ಫೋನು ಮಾಡಿದರೆ ಮೊದಲು ಇದನ್ನೇ ಕೇಳಬೇಕು, ಆಯ್ತು ಎನ್ನುವವರೆಗೂ ಏನೂ ಹೇಳಕೂಡದು ಎಂದು ಅಮ್ಮ ಆಸ್ಪತ್ರೆಯಲ್ಲಿ ಹೇಳಿಕೊಟ್ಟಿದ್ದಳು ಎಂದಳು ಹುಡುಗಿ. ಇವತ್ತು ಬೆಳಗಿನ ಜಾವ ಹೋದಳಂತೆ. ನೋವಿರಲಿಲ್ಲವಂತೆ. ಅಷ್ಟನ್ನು ಅವಳು ಪಾಠ ಒಪ್ಪಿಸಿದ ಹಾಗೆ ಹೇಳಿ ಮುಗಿಸಿದಳು. ನನಗೆ ಅಳು ಬರುವುದರಲ್ಲಿತ್ತು. ಗೋಡೆಯ ಗಡಿಯಾರ ಕಣ್ಣಿಗೆ ಬಿತ್ತು. ಇಲ್ಲಿ ಹನ್ನೆರಡು ಎಂದರೆ ಅಲ್ಲಿ ಎರಡೂವರೆ.

"ನಿಂದು ಊಟ ಆಯ್ತಾ?" ಎಂದು ಕೇಳಿದೆ.

ಅವಳಿಗೆ ಗೊತ್ತಿದ್ದ ಉತ್ತರ ಆಯ್ತು ಒಂದೇ, ಅದನ್ನು ಅವಳು ಹೇಳಲಿಲ್ಲ. ಆಗಿಲ್ಲವೆಂದು ನನಗೆ ಗೊತ್ತಾಯಿತು. ಹೋಗು, ಏನಾದರೂ ಹಾಕಿಕೊಂಡು ಬಾ, ನಾನು ಫೋನು ಹಿಡಿದುಕೊಂಡೇ ಇರುತ್ತೇನೆ ಅಂದೆ. ಆ ಕಡೆ ಹೆಜ್ಜೆ ಸಪ್ಪಳ, ಯಾವುದೋ ಪಾತ್ರೆಯ ಮುಚ್ಚಳ, ಕುರ್ಚಿ ಎಳೆದ ಸದ್ದು. ತಟ್ಟೆಗೆ ಚಮಚ ತಗಲಿದ್ದು ಕೇಳಿಸುವವರೆಗೂ ನಾನು ಅಳಲಿಲ್ಲ.